ಒಂಟಿ ಮೇಜು, ನಡುವಿನ ಒಲೆ: ಸಿಯೋಲ್‌ನ ಊಟದ ಮನೆಗಳಲ್ಲಿ ಪಂಕ್ತಿಯ ಪ್ರಶ್ನೆ

1

ಯಾರು ಯಾರೊಡನೆ ಕುಳಿತು ಉಣ್ಣಬಹುದು ಎಂಬ ಪ್ರಶ್ನೆ ಕನ್ನಡ ಸಂಸ್ಕೃತಿ ಅಧ್ಯಯನಕ್ಕೆ ಹೊಸದೇನಲ್ಲ. ದಾಸೋಹ, ಸಹಭೋಜನ, ಪಂಕ್ತಿಭೇದ, ಎಂಜಲು ಮುಂತಾದ ಪರಿಕಲ್ಪನೆಗಳ ಸುತ್ತ ವಚನ ಸಾಹಿತ್ಯದಿಂದ ಹಿಡಿದು ದಲಿತ ಆತ್ಮಕಥನಗಳವರೆಗೆ ವಿಸ್ತಾರವಾದ ಚರ್ಚೆ ನಡೆದಿದೆ. ಆದರೆ ಈ ಚರ್ಚೆಯ ಬಹುಪಾಲು ಮನೆ, ಮಠ, ದೇವಾಲಯಗಳ ಪಂಕ್ತಿಯನ್ನು ಕುರಿತದ್ದು. ಹಣ ಕೊಟ್ಟು ಅಪರಿಚಿತರ ನಡುವೆ ಕುಳಿತು ಉಣ್ಣುವ ನಗರದ ಹೋಟೆಲು ಈ ಪ್ರಶ್ನೆಯನ್ನು ಹೇಗೆ ಬದಲಿಸಿತು ಎಂಬುದು ಅಷ್ಟಾಗಿ ವಿವೇಚನೆಗೆ ಒಳಗಾಗಿಲ್ಲ. ಈ ದೃಷ್ಟಿಯಿಂದ ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲ್‌ನ ಊಟದ ಮನೆಗಳು ಗಮನಿಸತಕ್ಕ ನಿದರ್ಶನವಾಗಿವೆ.

ಕೊರಿಯನ್ ಹೋಟೆಲಿಗೆ ಮೊದಲ ಬಾರಿಗೆ ಹೋದವರ ಕಣ್ಣಿಗೆ ಬೀಳುವುದು ಮೇಜಿನ ನಡುವೆ ಉರಿಯುವ ಒಲೆ, ಅದರ ಸುತ್ತ ಹರಡಿದ ಹತ್ತಾರು ಸಣ್ಣ ಬಟ್ಟಲುಗಳು, ಎಲ್ಲರ ಚಮಚಗಳೂ ಇಳಿಯುವ ಒಂದೇ ಸಾರಿನ ಪಾತ್ರೆ. ಪ್ರವಾಸಿ ಕೈಪಿಡಿಗಳೂ ದೂರದರ್ಶನದ ಧಾರಾವಾಹಿಗಳೂ ಇದನ್ನು ಕೊರಿಯನ್ನರ ಪುರಾತನವಾದ ಹಂಚಿ ಉಣ್ಣುವ ಸಂಸ್ಕೃತಿ ಎಂದೇ ಬಿಂಬಿಸುತ್ತ ಬಂದಿವೆ. ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಬೇರೆಯೇ ಚಿತ್ರ ದೊರೆಯುತ್ತದೆ. ಮರ್ಯಾದಸ್ಥರ ಮನೆಗಳಲ್ಲಿ ಕೊರಿಯನ್ನರು ಶತಮಾನಗಳ ಕಾಲ ಒಬ್ಬೊಬ್ಬರೇ ಉಂಡವರು. ಎಲ್ಲರೂ ಒಂದೇ ಮೇಜಿನ ಸುತ್ತ ಕೂಡುವ ಕ್ರಮವನ್ನು ಅವರಿಗೆ ರೂಢಿಮಾಡಿಸಿದ್ದರಲ್ಲಿ 20ನೆಯ ಶತಮಾನದ ನಗರದ ಹೋಟೆಲಿನ ಪಾಲು ದೊಡ್ಡದು. ಪರಂಪರೆ ಎಂದು ಇಂದು ಕರೆಯಲಾಗುತ್ತಿರುವುದು ಬಹುಮಟ್ಟಿಗೆ ಪರಂಪರೆಯ ಭಂಗದಿಂದ ಹುಟ್ಟಿದ್ದು ಎಂಬ ಈ ಸಂಗತಿಯನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ.

ಆಹಾರದ ವಿಷಯದಲ್ಲಿ 'ಪುರಾತನ' ಎಂಬ ಮಾತನ್ನು ಎಚ್ಚರದಿಂದಲೇ ಬಳಸಬೇಕಾಗುತ್ತದೆ. ಕೊರಿಯನ್ ಊಟದ ಲಾಂಛನವೇ ಆಗಿರುವ ಕೆಂಪು ಕಿಮ್ಚಿಯ ಕೆಂಪು ಬಂದದ್ದು ಅಮೆರಿಕಾ ಖಂಡದ ಮೆಣಸಿನಕಾಯಿಯಿಂದ. ಅದು ಆ ನಾಡನ್ನು ಸೇರಿದ್ದು 16ನೆಯ ಶತಮಾನದ ಕೊನೆಯ ಸುಮಾರಿಗೆ. ಮೂರನೆಯ ಮಂಗರಸನ 'ಸೂಪಶಾಸ್ತ್ರ'ದ ಅಡುಗೆಮನೆಯಲ್ಲಿಯೂ ಮೆಣಸಿನಕಾಯಿ ಇಲ್ಲವೆಂಬುದನ್ನು ಇಲ್ಲಿ ನೆನೆಯಬಹುದು.

2

ಜೋಸೊನ್ ಅರಸುಮನೆತನದ ಕಾಲದ (1392-1910) ಕುಲೀನರ ಮನೆಗಳಲ್ಲಿ ಊಟದ ಘಟಕ ಒಬ್ಬ ವ್ಯಕ್ತಿಯಾಗಿದ್ದ. ಸೊಬಾನ್ ಎಂಬ ಪುಟ್ಟ ಕಾಲುಮಣೆಯ ಮೇಲೆ ಒಬ್ಬರಿಗೆ ಬೇಕಾದ ಅನ್ನ, ಸಾರು, ಮೇಲೋಗರಗಳನ್ನು ಅಡುಗೆಮನೆಯಲ್ಲಿಯೇ ಜೋಡಿಸಿ, ಅದನ್ನು ಹಾಗೆಯೇ ಎತ್ತಿ ತಂದು ಉಣ್ಣುವವರ ಮುಂದೆ ಇಡಲಾಗುತ್ತಿತ್ತು. ಇದಕ್ಕೆ ದೊಕ್‌ಸಾಂಗ್, ಎಂದರೆ ಒಂಟಿ ಮೇಜು, ಎಂದು ಹೆಸರು. ಮನೆಯ ಹಿರಿಯನಿಗೆ ಹಾಗೂ ಬಂದ ಅತಿಥಿಗೆ ಒಂಟಿ ಮೇಜು ಸಲ್ಲುವುದು ಗೌರವದ ಸೂಚನೆ. ಅಜ್ಜ ಮೊಮ್ಮಗ, ಅಣ್ಣ ತಮ್ಮ ಇಂಥವರು ಒಂದು ಮೇಜಿಗೆ ಇಬ್ಬರಂತೆ ಕೂಡುವುದಿತ್ತು; ಅದು ಗ್ಯೊಮ್‌ಸಾಂಗ್. ಹೆಂಗಸರ ಪಾಲಿಗೆ ಮೇಜೆಂಬುದೇ ಎಷ್ಟೋ ಸಲ ಇರಲಿಲ್ಲ. ಹಿರಿಯರು ಉಂಡು ಬಿಟ್ಟ ಮೇಜು ಒಳಗೆ ಬಂದ ಮೇಲೆ ಹೆಂಗಸರು, ಮಕ್ಕಳು, ಆಳುಗಳು ಅದರಲ್ಲಿ ಉಳಿದುದನ್ನು ಉಣ್ಣುತ್ತಿದ್ದರು. ಈ 'ಸರಿಸಿಕೊಟ್ಟ ಮೇಜಿ'ಗೆ ಮುಲ್ಲಿಮ್‌ಸಾಂಗ್ ಎಂಬ ಪ್ರತ್ಯೇಕ ಪದವೇ ಉಂಟು. ಗಂಡ ಉಂಡೆದ್ದ ಎಲೆಯಲ್ಲಿಯೇ ಹೆಂಡತಿ ಉಣ್ಣುತ್ತಿದ್ದ ಕರ್ನಾಟಕದ ಮನೆಗಳನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಆದರೆ ಒಂದು ವ್ಯತ್ಯಾಸವಿದೆ. ಕನ್ನಡದ 'ಎಂಜಲು' ಶುದ್ಧಾಶುದ್ಧಗಳ ಕಲ್ಪನೆಯಿಂದ ಕೂಡಿದ್ದು. ಅದು ಕೆಲವರಿಗೆ ಪ್ರಸಾದವಾಗುತ್ತದೆ, ಕೆಲವರಿಗೆ ಮೈಲಿಗೆಯಾಗುತ್ತದೆ. ಮುಲ್ಲಿಮ್‌ಸಾಂಗ್‌ನಲ್ಲಿ ಮೈಲಿಗೆಯ ಪ್ರಶ್ನೆಗಿಂತ ಸರದಿಯ ಪ್ರಶ್ನೆ ಮುಖ್ಯವಾದುದು. ಯಾರು ಮೊದಲು, ಯಾರು ಕೊನೆ ಎಂಬುದರಲ್ಲಿಯೇ ಕನ್‌ಫ್ಯೂಷಿಯಸ್ ನೀತಿಯ ಶ್ರೇಣಿ ಅಡಗಿತ್ತು.

ಈ ಶ್ರೇಣಿಗೆ ಮೈಲಿಗೆಗೆ ಸಮೀಪವಾದ ಹೊರಗಿಡುವಿಕೆಯೂ ಇರಲಿಲ್ಲವೆಂದಲ್ಲ. ದನ ಕಡಿಯುವುದು, ಚರ್ಮ ಹದಮಾಡುವುದು, ಬುಟ್ಟಿ ಹೆಣೆಯುವುದು ಮುಂತಾದ ವೃತ್ತಿಗಳಿಗೆ ಕಟ್ಟುಬಿದ್ದ ಬೆಕ್‌ಜೊಂಗ್ ಎಂಬ ಸಮುದಾಯ ಊರ ಹೊರಗೆ ಬದುಕಬೇಕಾಗಿತ್ತು. 1894ರ ಸುಧಾರಣೆಗಳು ಕಾನೂನಿನ ಮಟ್ಟದಲ್ಲಿ ಈ ಸ್ಥಾನಭೇದವನ್ನು ರದ್ದುಪಡಿಸಿದವು. ಆದರೆ ಶಾಲೆಗಳಲ್ಲಿ, ದಾಖಲೆಗಳಲ್ಲಿ, ದಿನನಿತ್ಯದ ಮಾತಿನಲ್ಲಿ ಭೇದ ಮುಂದುವರಿಯಿತು. 1923ರಲ್ಲಿ ಜಿಂಜು ಪಟ್ಟಣದಲ್ಲಿ ಹ್ಯೊಂಗ್‌ಪ್ಯೊಂಗ್‌ಸಾ ಎಂಬ ಸಂಘಟನೆ ಹುಟ್ಟಿದ್ದು ಈ ಕಾರಣದಿಂದಲೇ. ಆ ಹೆಸರಿನ ಮೊದಲ ಭಾಗಕ್ಕೆ ತಕ್ಕಡಿಯ ದಂಡಿಗೆ ಎಂದು ಅರ್ಥ. ಮಾಂಸ ತೂಗುವವರು ತಮ್ಮ ಕಸುಬಿನ ಉಪಕರಣವನ್ನೇ ಸಮಾನತೆಯ ಸಂಕೇತವನ್ನಾಗಿ ಮಾಡಿಕೊಂಡರು. ಅಂಬೇಡ್ಕರ್ ಅವರ ಮಹಾಡ್ ಸತ್ಯಾಗ್ರಹಕ್ಕೆ (1927) ಇನ್ನೂ ನಾಲ್ಕು ವರ್ಷಗಳಿದ್ದವು. ಎರಡೂ ಚಳವಳಿಗಳನ್ನು ಜೊತೆಯಾಗಿಟ್ಟು ನೋಡುವ ಅಧ್ಯಯನಕ್ಕೆ ಕನ್ನಡದಲ್ಲಿ ಖಂಡಿತ ಅವಕಾಶವಿದೆ.

ಈ ಹಿನ್ನೆಲೆಯಲ್ಲಿ ಸೊಲ್ಲೊಂಗ್‌ತಾಂಗ್ ಎಂಬ ತಿನಿಸಿಗೆ ವಿಶೇಷ ಮಹತ್ವವಿದೆ. ಎತ್ತಿನ ಎಲುಬು, ತಲೆ, ಒಳಮಾಂಸಗಳನ್ನು ದೊಡ್ಡ ಹಂಡೆಯಲ್ಲಿ ರಾತ್ರಿಯಿಡೀ ಕುದಿಸಿ ಬಸಿದ ಹಾಲುಬಣ್ಣದ ಸಾರು ಇದು. ಅನ್ನದೊಡನೆ ಬಡಿಸುತ್ತಾರೆ, ಉಪ್ಪು ಮತ್ತು ಈರುಳ್ಳಿ ಸೊಪ್ಪನ್ನು ಉಣ್ಣುವವರೇ ಹಾಕಿಕೊಳ್ಳಬೇಕು. ಹಂಡೆಯಿಂದ ತೋಡಿ ಸುರಿದರೆ ಊಟ ಸಿದ್ಧ. ದುಡಿಯಲು ಬಂದವರಿಂದ ತುಂಬುತ್ತಿದ್ದ ವಸಾಹತುಕಾಲದ ಸಿಯೋಲ್‌ಗೆ ಹೀಗೆ ಬೇಗನೆ, ಅಗ್ಗವಾಗಿ, ಬಿಸಿಯಾಗಿ ಸಿಗುವ ಊಟ ಬೇಕಾಗಿತ್ತು. ಜೊಂಗ್ನೊ ಪ್ರದೇಶದಲ್ಲಿ 1900ರ ದಶಕದಲ್ಲಿ ಆರಂಭವಾದ ಇಮುನ್ ಎಂಬ ಸೊಲ್ಲೊಂಗ್‌ತಾಂಗ್ ಮನೆ ಆ ನಗರದ ಅತಿ ಹಳೆಯ ಹೋಟೆಲೆಂದು ಖ್ಯಾತವಾಗಿದೆ. ದನದ ಮಾಂಸದ ವ್ಯಾಪಾರ ಬೆಕ್‌ಜೊಂಗರ ಕೈಯಲ್ಲಿದ್ದುದರಿಂದ ಇಂಥ ಅಂಗಡಿಗಳಿಗೂ ಆ ಸಮುದಾಯಕ್ಕೂ ನಿಕಟ ಸಂಬಂಧವಿತ್ತು. ಕುತೂಹಲದ ಸಂಗತಿಯೆಂದರೆ, ಸಾರಿನ ರುಚಿ ಹತ್ತಿದ್ದ, ಆದರೆ ಅಂಗಡಿಯಲ್ಲಿ ಕೂಲಿಯವನ ಪಕ್ಕ ಕೂಡಲು ಒಲ್ಲದ ಮರ್ಯಾದಸ್ಥರು ಅದನ್ನು ಮನೆಗೆ ತರಿಸಿಕೊಳ್ಳತೊಡಗಿದರು. ಸಾರಿನ ಬಟ್ಟಲುಗಳ ಹಲಗೆಯನ್ನು ಒಂದು ಕೈಯಲ್ಲಿ ಹೊತ್ತು ಸೈಕಲ್ ತುಳಿಯುವ ಹುಡುಗ 1920-30ರ ದಶಕಗಳ ಸಿಯೋಲ್‌ನ ಪರಿಚಿತ ಚಿತ್ರ. ಮನೆಗೆ ಊಟ ತರಿಸುವುದನ್ನು ಮೊಬೈಲ್ ಕಾಲದ ಅನುಕೂಲವೆಂದು ಭಾವಿಸುವವರು ಅದರ ಒಂದು ಬೇರು ಪಂಕ್ತಿಯ ಅಳುಕಿನಲ್ಲಿದೆ ಎಂಬುದನ್ನು ಗಮನಿಸಬೇಕು. 'ಬ್ರಾಹ್ಮಣರ ಹೋಟೆಲು', 'ಬ್ರಾಹ್ಮಣರ ಫಲಾಹಾರ ಮಂದಿರ' ಎಂಬ ಫಲಕಗಳು ಕರ್ನಾಟಕದ ಪಟ್ಟಣಗಳಲ್ಲಿ ರಾರಾಜಿಸುತ್ತಿದ್ದ ದಶಕಗಳೂ ಇವೇ. ಅಲ್ಲಿ ಅಳುಕು ಸೈಕಲ್ ಏರಿತು, ಇಲ್ಲಿ ಫಲಕವೇರಿತು.

ಕೊರಿಯಾದ ಆಧುನಿಕ ಸಣ್ಣಕಥೆಯ ಮೊದಲ ಸಾಲಿನ ಲೇಖಕರಲ್ಲಿ ಒಬ್ಬನಾದ ಹ್ಯೊನ್ ಜಿನ್‌ಗೊನ್ 1924ರಲ್ಲಿ ಪ್ರಕಟಿಸಿದ 'ಅದೃಷ್ಟದ ದಿನ' ಎಂಬರ್ಥದ ಹೆಸರಿನ ಕಥೆ ಈ ಸಾರಿನ ಸುತ್ತಲೇ ಹೆಣೆದದ್ದು. ರಿಕ್ಷಾ ಎಳೆಯುವ ಕಿಮ್ ಎಂಬಾತನ ಹೆಂಡತಿ ಕಾಯಿಲೆ ಬಿದ್ದಿದ್ದಾಳೆ. ಅವಳಿಗೆ ಸೊಲ್ಲೊಂಗ್‌ತಾಂಗ್ ಕುಡಿಯುವ ಆಸೆ. ಆ ದಿನ ಅವನಿಗೆ ಎಂದೂ ಇಲ್ಲದಷ್ಟು ಬಾಡಿಗೆ ಸಿಗುತ್ತದೆ. ಮನೆಗೆ ಹೋಗಲು ಏನೋ ಭಯ. ಗೆಳೆಯನೊಡನೆ ಹೆಂಡದಂಗಡಿಯಲ್ಲಿ ಕೂಡುತ್ತಾನೆ. ಕೊನೆಗೆ ಸಾರು ಕೊಂಡು ಮನೆಗೆ ಬಂದಾಗ ಹೆಂಡತಿ ಸತ್ತಿರುತ್ತಾಳೆ. ಬಡತನದ ವಾಸ್ತವಿಕ ಚಿತ್ರಣವೆಂದು ವಿಮರ್ಶಕರು ಈ ಕಥೆಯನ್ನು ಓದುತ್ತ ಬಂದಿರುವುದು ಸರಿಯೇ. ಆದರೆ ಊಟದ ಚರಿತ್ರೆಯ ಕಡೆಯಿಂದ ಓದಿದಾಗ ಇನ್ನೊಂದು ಮಗ್ಗುಲು ಕಾಣುತ್ತದೆ. ಗಂಡಸಿಗೆ ಹೆಂಡದಂಗಡಿಯ ಬೆಂಚು ತೆರೆದಿದೆ, ಅಲ್ಲಿ ಗೆಳೆಯನಿದ್ದಾನೆ, ಮಾತಿದೆ. ಹೆಂಗಸಿಗೆ ನಗರದ ಊಟ ತಲುಪಬೇಕಾದರೆ ಅವನ ಕೈಯಿಂದಲೇ ತಲುಪಬೇಕು. ಹೋಟೆಲು ಮುರಿದ ಪಂಕ್ತಿ ಮೊದಲಿಗೆ ಗಂಡಸರದು ಮಾತ್ರ ಎಂಬುದನ್ನು ಈ ಕಥೆ ಹೇಳದೆಯೇ ಹೇಳುತ್ತದೆ.

ಕೂಲಿಯವರ ಸಾರಿನ ಮನೆಗೆ ಎದುರಾಗಿ ಉಳ್ಳವರ ಭೋಜನಶಾಲೆಗಳೂ ಇದೇ ಕಾಲದಲ್ಲಿ ತಲೆಯೆತ್ತಿದವು. ಅಂಥವುಗಳಲ್ಲಿ ಹೆಸರಾದ ಮ್ಯೊಂಗ್‌ವೊಲ್‌ಗ್ವಾನ್‌ನ ಶಾಖೆಯಾಗಿದ್ದ ತೆಹ್ವಾಗ್ವಾನ್‌ನಲ್ಲಿಯೇ 1919ರ ಮಾರ್ಚ್ 1ರಂದು ಕೊರಿಯಾದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ್ದ 33 ಮಂದಿಯಲ್ಲಿ 29 ಮಂದಿ ಸೇರಿ, ಘೋಷಣೆ ಮಾಡಿ, ತಾವಾಗಿಯೇ ಬಂಧನಕ್ಕೊಳಗಾದರು. ಕವಿ ಹಾಗೂ ಬೌದ್ಧ ಭಿಕ್ಷು ಹಾನ್ ಯೊಂಗ್‌ಉನ್ ಅವರಲ್ಲಿ ಒಬ್ಬ. ಕ್ರೈಸ್ತ, ಬೌದ್ಧ, ಚೊಂದೊಗ್ಯೊ ಮತಗಳವರು ಒಂದೆಡೆ ಕೂಡಲು ಯಾರ ಗುಡಿಯೂ ಅಲ್ಲದ ಹೋಟೆಲಿನ ಕೋಣೆ ಒದಗಿತೆಂಬುದು ಆಕಸ್ಮಿಕವಿರಬಹುದು, ಅರ್ಥಹೀನವಲ್ಲ.

3

ಸ್ವಾತಂತ್ರ್ಯ, ದೇಶವಿಭಜನೆ, ಯುದ್ಧಗಳ ನಂತರ ಊಟದ ಮೇಜಿಗೆ ಬಂದು ಕುಳಿತ ಹೊಸ ಯಜಮಾನನೆಂದರೆ ಪ್ರಭುತ್ವ. ಅಕ್ಕಿಯ ಕೊರತೆ ನೀಗಿಸಲು 1969ರಿಂದ ಬುಧವಾರ ಮತ್ತು ಶನಿವಾರ ಹಗಲು ಹೋಟೆಲುಗಳಲ್ಲಿ ಅನ್ನ ಮಾರದಂತೆ ನಿರ್ಬಂಧ ಹೇರಲಾಯಿತು. ಅನ್ನಕ್ಕೆ ಬಾರ್ಲಿ ಬೆರೆಸುವಂತೆ, ಗೋಧಿ ತಿನ್ನುವಂತೆ ಪ್ರಚಾರ ನಡೆಯಿತು. ಭಾರತದಲ್ಲಿ 1965ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಸೋಮವಾರ ರಾತ್ರಿಯ ಊಟ ಬಿಡುವಂತೆ ಕರೆಯಿತ್ತಾಗ ಹೋಟೆಲುಗಳು ಬಾಗಿಲು ಹಾಕಿದ್ದನ್ನು ಹಿರಿಯರು ಬಲ್ಲರು. ಇಲ್ಲಿ ಅದು ವ್ರತದ ರೂಪ ತಾಳಿತು. ಪಾರ್ಕ್ ಚುಂಗ್ ಹೀ ಆಡಳಿತದ ಕೊರಿಯಾದಲ್ಲಿ ಅದು ಆಜ್ಞೆಯಾಗಿತ್ತು. 1976ರಲ್ಲಿ ಸಿಯೋಲ್ ನಗರಾಡಳಿತ ಹೋಟೆಲಿನ ಅನ್ನದ ಬಟ್ಟಲಿನ ಅಳತೆಯನ್ನೇ ಗೊತ್ತುಪಡಿಸಿತು: ಉಕ್ಕಿನ ಬಟ್ಟಲು, ಒಳವ್ಯಾಸ 10.5 ಸೆಂಟಿಮೀಟರ್, ಎತ್ತರ 6 ಸೆಂಟಿಮೀಟರ್, ಐದರಲ್ಲಿ ನಾಲ್ಕು ಪಾಲು ಮಾತ್ರ ತುಂಬಬೇಕು. ತಪ್ಪಿದರೆ ಅಂಗಡಿ ಮುಚ್ಚುವ ಶಿಕ್ಷೆ. 19ನೆಯ ಶತಮಾನದ ಕೊನೆಯ ಛಾಯಾಚಿತ್ರಗಳಲ್ಲಿ ಕೊರಿಯನ್ ರೈತನ ಮುಂದಿರುವ ಬಟ್ಟಲು, ಅದರ ಮೇಲೆ ಗೋಪುರದಂತೆ ಏರಿದ ಅನ್ನ ನೋಡಿದವರಿಗೆ ಈ ಆಜ್ಞೆಯ ತೀವ್ರತೆ ತಿಳಿದೀತು. ಇಂದು ಜಗತ್ತಿನ ಯಾವ ಊರಿನ ಕೊರಿಯನ್ ಹೋಟೆಲಿಗೆ ಹೋದರೂ ಮುಚ್ಚಳವಿರುವ ಆ ಪುಟ್ಟ ಉಕ್ಕಿನ ಬಟ್ಟಲು ಎದುರಾಗುತ್ತದೆ. ಅದನ್ನು 'ಸಾಂಪ್ರದಾಯಿಕ' ಎಂದು ಮೆಚ್ಚಿಕೊಳ್ಳುವವರು ಒಂದು ಪಡಿತರ ಆಜ್ಞೆಯನ್ನು ಮೆಚ್ಚಿಕೊಳ್ಳುತ್ತಿದ್ದಾರೆ.

ಮೇಜಿನ ನಡುವಿನ ಒಲೆಯ ಕಥೆಯೂ ಇದಕ್ಕಿಂತ ಹಳೆಯದಲ್ಲ. ಕೆಂಡದ ಮೇಲೆ ಮಾಂಸ ಸುಡುವುದು ಹಿಂದೆಯೂ ಇತ್ತು. ಆದರೆ ಪ್ರತಿ ಮೇಜಿಗೂ ಒಲೆ, ಅದರ ಸುತ್ತ ನಾಲ್ಕೈದು ಜನ, ಹಂದಿಯ ಹೊಟ್ಟೆಯ ಭಾಗದ ಮೂರು ಪದರದ ಮಾಂಸ ಎಂಬ ಈಗಿನ ರೂಪ ಜನಪ್ರಿಯವಾದದ್ದು 1980ರ ದಶಕದಲ್ಲಿ, ಸುಲಭವಾಗಿ ಹೊತ್ತೊಯ್ಯಬಹುದಾದ ಗ್ಯಾಸ್ ಒಲೆಗಳು ಬಂದ ಮೇಲೆ. ಕೈಗಾರಿಕೆಗಳು ಬೆಳೆದು, ಕಚೇರಿಗಳ ಸಂಬಳದಾರ ವರ್ಗ ನಗರಗಳನ್ನು ತುಂಬಿದ ಕಾಲವದು.

4

ಈ ಒಲೆಯ ಸುತ್ತ ಆಡುವ ಭಾಷೆ ಕನ್ನಡ ವಿದ್ವಾಂಸರಿಗೆ ವಿಶೇಷ ಆಸಕ್ತಿಯ ವಿಷಯ. ಕೊರಿಯನ್ನಿನಲ್ಲಿ ಬೇಯಿಸಿದ ಅನ್ನಕ್ಕೂ ಒಟ್ಟು ಊಟಕ್ಕೂ 'ಬಾಪ್' ಎಂಬ ಒಂದೇ ಪದವಿದೆ. ಹಿರಿಯರು ಉಣ್ಣುವ ಅನ್ನ ಮಾತ್ರ 'ಜಿಂಜಿ'. ಅರಸನದು 'ಸುರಾ' ಆಗಿತ್ತು. ಉಣ್ಣುವ ಕ್ರಿಯೆಗೂ ಹಾಗೆಯೇ: ಸಮಾನರು, ಕಿರಿಯರು 'ಮೊಕ್ತಾ', ಗೌರವಕ್ಕೆ ಪಾತ್ರರಾದವರು 'ದುಶಿದಾ', ವಯೋವೃದ್ಧರು 'ಜಾಪ್ಸುಶಿದಾ'. ಕನ್ನಡದಲ್ಲಿ ಈ ಕೆಲಸವನ್ನು ಬಹುಪಾಲು ಕ್ರಿಯಾಪದದ ಪ್ರತ್ಯಯ ನಿರ್ವಹಿಸುತ್ತದೆ. ನಾಮಪದಗಳ ಏರಿಳಿತ ನಮ್ಮಲ್ಲಿ ಬೇರೆ ಬಗೆಯದು. ಹಳಗನ್ನಡದಲ್ಲಿ ಸಹಜ ಪದವಾಗಿದ್ದ 'ಕೂಳ್' ಹೊಸಗನ್ನಡದಲ್ಲಿ ಬೈಗುಳದ ಮಟ್ಟಕ್ಕಿಳಿದು 'ಅನ್ನ' ಆ ಸ್ಥಾನವನ್ನು ಏರಿತು. ಅಲ್ಲಿ ಉಣ್ಣುವವರ ವಯಸ್ಸು ಪದವನ್ನು ಆರಿಸುತ್ತದೆ, ಇಲ್ಲಿ ಕಾಲ ಪದವನ್ನೇ ಕೆಡವಿತು. ಮನೆಮಂದಿಗೆ ಕೊರಿಯನ್ನರು ಹೇಳುವ 'ಶಿಕ್ಕು' ಎಂಬ ಪದದ ಶಬ್ದಾರ್ಥ 'ಉಣ್ಣುವ ಬಾಯಿಗಳು'. ಎದುರಾದವರನ್ನು 'ಊಟ ಆಯ್ತಾ?' ಎಂದು ಮಾತನಾಡಿಸುವ ರೂಢಿ ಎರಡೂ ಕಡೆ ಸಮಾನ. ಇಂಥ ಹೋಲಿಕೆಗಳಿಂದ ಉತ್ತೇಜಿತರಾಗಿ ಕೊರಿಯನ್-ದ್ರಾವಿಡ ಜ್ಞಾತಿತ್ವವನ್ನು ಪ್ರತಿಪಾದಿಸುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಹೋಮರ್ ಹಲ್ಬರ್ಟ್ 1905ರಲ್ಲಿಯೇ ಈ ಕುರಿತು ತುಲನಾತ್ಮಕ ವ್ಯಾಕರಣವನ್ನು ಬರೆದ. ಭಾಷಾವಿಜ್ಞಾನ ಅದನ್ನು ಒಪ್ಪಿಲ್ಲ. ಅಮ್ಮ, ಅಪ್ಪ ಎಂಬ ಪದಗಳ ಹೋಲಿಕೆಯ ಮೇಲೆ ಭಾಷಾಕುಟುಂಬವನ್ನು ಕಟ್ಟಲಾಗದು.

ಬಂಧುತ್ವದ ಪದಗಳ ವ್ಯವಸ್ಥೆಯಲ್ಲಿ ಮಾತ್ರ ಹೋಲಿಕೆ ನಿಜವಾಗಿ ಉಪಯುಕ್ತ. ತಾಯಿಯ ತಂಗಿ-ಅಕ್ಕಂದಿರು 'ಇಮೊ', ತಂದೆಯ ತಂಗಿ-ಅಕ್ಕಂದಿರು 'ಗೊಮೊ'. ಇಂಗ್ಲಿಷಿನ ಆಂಟಿ ಕಲಸಿಬಿಡುವ ಈ ಭೇದವನ್ನು ಕನ್ನಡ ಚಿಕ್ಕಮ್ಮ-ದೊಡ್ಡಮ್ಮ, ಸೋದರತ್ತೆ ಎಂಬ ಪದಗಳಿಂದ ಕಾಪಾಡಿಕೊಂಡಿದೆ. ಸಿಯೋಲ್‌ನ ಸಾಮಾನ್ಯ ಹೋಟೆಲುಗಳಲ್ಲಿ ಬಡಿಸುವ ನಡುವಯಸ್ಸಿನ ಹೆಂಗಸನ್ನು ಗಿರಾಕಿಗಳು ಕರೆಯುವುದು 'ಇಮೊ' ಎಂದು. 'ಗೊಮೊ' ಎಂದು ಯಾರೂ ಕೂಗುವುದಿಲ್ಲ. ಸಲಿಗೆ, ಅಕ್ಕರೆ, ಕೇಳದೆಯೇ ಇನ್ನಷ್ಟು ಬಡಿಸುವ ಕೈ ತಾಯಿಯ ಕಡೆಯದೆಂಬ ಭಾವನೆ ಇದರ ಹಿಂದಿದೆ. ಸಣ್ಣ ಬಟ್ಟಲುಗಳ ಬಾಂಚಾನ್ ಮುಗಿದರೆ ಮತ್ತೆ ತುಂಬುವುದಕ್ಕೆ ಹಣವಿಲ್ಲ. ಬೆಲೆಪಟ್ಟಿಯಲ್ಲಿ ಅದರ ನಮೂದೇ ಇಲ್ಲ. ವ್ಯಾಪಾರದ ಒಳಗೆ ಮನೆಯನ್ನು ನಟಿಸುವ ಈ ಏರ್ಪಾಟಿಗೆ 'ಇಮೊ' ಎಂಬ ಕರೆಯೇ ಕೀಲಿಕೈ.

ಆದರೆ ಬಂಧುವಾಚಕ ಕೂಲಿಯನ್ನು ಮರೆಮಾಡುತ್ತದೆ ಎಂಬುದನ್ನೂ ಹೇಳಬೇಕು. 1990ರ ದಶಕದಿಂದೀಚೆಗೆ ಈ 'ಚಿಕ್ಕಮ್ಮಂದಿರ'ಲ್ಲಿ ಅನೇಕರು ಚೀನಾದ ಈಶಾನ್ಯ ಭಾಗದಿಂದ ವಲಸೆ ಬಂದ ಕೊರಿಯನ್ ಮೂಲದ ಹೆಂಗಸರು. ದೀರ್ಘ ದುಡಿಮೆ, ಕಡಿಮೆ ಸಂಬಳ ಅವರ ಪಾಲು. 2010ರ ದಶಕದ ಆರಂಭದಲ್ಲಿ ಅಲ್ಲಿನ ಮಹಿಳಾ ಸಂಘಟನೆಯೊಂದು ಇವರಿಗೆ 'ಚಾರಿಮ್‌ಸಾ', ಎಂದರೆ ಊಟ ಅಣಿಗೊಳಿಸುವ ವೃತ್ತಿಪರರು, ಎಂಬ ಹೊಸ ಪದವನ್ನು ಸೂಚಿಸಿತು. ಪದ ನೆಲೆಯೂರಲಿಲ್ಲ. ವಟುವನ್ನು ಸೂಚಿಸುವ 'ಮಾಣಿ' ಕರಾವಳಿಯ ಹೋಟೆಲುಗಳ ಮೂಲಕ ಬಡಿಸುವವನ ಹೆಸರಾಗಿ, ನಲವತ್ತರ ಗಂಡಸನ್ನೂ ಹುಡುಗನನ್ನಾಗಿ ಉಳಿಸಿದ್ದನ್ನು ಇದರೊಡನೆ ಹೋಲಿಸಬಹುದು. ಒಂದು ಪದ ಬಡಿಸುವವಳನ್ನು ಹಿರಿಯಳನ್ನಾಗಿಸುತ್ತದೆ, ಇನ್ನೊಂದು ಬಡಿಸುವವನನ್ನು ಕಿರಿಯನನ್ನಾಗಿಸುತ್ತದೆ. ಸಂಬಳದ ಪ್ರಶ್ನೆಯನ್ನು ಎರಡೂ ಎತ್ತುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಮೇಜಿಗೆ ಅಂಟಿಸಿದ ಪರದೆಯ ಮೇಲೆ ಬೆರಳೊತ್ತಿ ಊಟ ಹೇಳುವ ಕ್ರಮ ಹರಡುತ್ತಿದ್ದು, ಕರೆಯುವ ಪ್ರಸಂಗವೇ ಕಡಿಮೆಯಾಗುತ್ತಿದೆ.

ಒಲೆಯ ಸುತ್ತಲಿನ ಸಮಾನತೆಯೂ ಮೇಲುನೋಟದ್ದು. ಹಿರಿಯರು ಚಮಚ ಎತ್ತುವವರೆಗೆ ಉಳಿದವರು ಎತ್ತುವಂತಿಲ್ಲ. ಹಿರಿಯರ ಬಟ್ಟಲಿಗೆ ಮದ್ಯವನ್ನು ಎರಡೂ ಕೈಗಳಿಂದ ಹೊಯ್ಯಬೇಕು. ತಾನು ಕುಡಿಯುವಾಗ ಮುಖವನ್ನು ಪಕ್ಕಕ್ಕೆ ಹೊರಳಿಸಬೇಕು. ಮಾಂಸವನ್ನು ಕತ್ತರಿಯಿಂದ ತುಂಡರಿಸಿ ಮಗುಚಿಹಾಕುವ ಕೆಲಸ ಸಾಮಾನ್ಯವಾಗಿ ಅತ್ಯಂತ ಕಿರಿಯನ ಪಾಲಿಗೆ ಬರುತ್ತದೆ. ಒಂಟಿ ಮೇಜುಗಳ ನಡುವಿನ ಅಂತರ ಹೀಗೆ ಒಂದೇ ಮೇಜಿನ ಒಳಕ್ಕೆ ಬಂದು ಸೇರಿಕೊಂಡಿದೆ. ಸೊಪ್ಪಿನ ಎಲೆಯಲ್ಲಿ ಮಾಂಸ, ಬೆಳ್ಳುಳ್ಳಿ ಸುತ್ತಿ ಪಕ್ಕದವರ ಬಾಯಿಗೇ ಇಡುವ, ನಮ್ಮ ಕೈತುತ್ತನ್ನು ನೆನಪಿಸುವ ರೂಢಿಯಲ್ಲಿ ಮಾತ್ರ ಕ್ಷಣಕಾಲ ಈ ಅಂತರ ಮರೆಯಾಗುವುದುಂಟು. ಎಲ್ಲರ ಚಮಚ ಇಳಿಯುವ ಸಾರಿನ ಪಾತ್ರೆಗೆ ಎಂಜಲಿನ ಶಂಕೆ ಅಂಟಿದ್ದು ಧರ್ಮದಿಂದಲ್ಲ, ರೋಗಭಯದಿಂದ. 2020ರ ಕೊರೊನಾ ಕಾಲದಲ್ಲಿ ಸರ್ಕಾರವೇ ಪ್ರತ್ಯೇಕ ತಟ್ಟೆ, ಪ್ರತ್ಯೇಕ ಸೌಟುಗಳನ್ನು ಒತ್ತಾಯಿಸಿತು.

5

ಇಂಥ ಮೇಜಿನಲ್ಲಿ ಒಬ್ಬರು 'ನನಗೆ ಬೇಡ' ಎಂದರೆ ಏನಾಗುತ್ತದೆ? 2024ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಹಾನ್ ಕಾಂಗ್ ಅವರ 2007ರ ಕಾದಂಬರಿ 'ಚೆಸಿಕ್‌ಜುಯಿಜಾ' (ಸಸ್ಯಾಹಾರಿ) ಈ ಪ್ರಶ್ನೆಯನ್ನು ಹೋಟೆಲಿನ ಒಂದು ದೃಶ್ಯದಲ್ಲಿ ಎದುರಿಸುತ್ತದೆ. ಗಂಡನ ಕಚೇರಿಯ ಮೇಲಧಿಕಾರಿ ದಂಪತಿಗಳನ್ನು ಊಟಕ್ಕೆ ಕರೆದಿದ್ದಾನೆ. ಹೆಸರುಹಿಟ್ಟಿನ ತೆಳುವಾದ ಎಸಳುಗಳಿಗೆ ಅಣಬೆ, ಮಾಂಸ ಬೆರೆಸಿದ ಮೊದಲ ತಿನಿಸನ್ನು ಬಡಿಸಲು ಬಂದಾಗ ಯೊಂಗ್‌ಹ್ಯೆ ತಾನು ತಿನ್ನುವುದಿಲ್ಲವೆಂದು ಮೆಲ್ಲನೆ ಹೇಳುತ್ತಾಳೆ. ಮುಂದಿನದು ಜಗಳವಲ್ಲ, ಆರೋಗ್ಯ, ಸಮತೋಲನ, ಮನುಷ್ಯಸ್ವಭಾವ ಇತ್ಯಾದಿಗಳ ಬಗ್ಗೆ ಸಭ್ಯವಾದ ಮಾತುಕತೆ. ಅದರ ಕ್ರೌರ್ಯವೆಲ್ಲ ಆ ಸಭ್ಯತೆಯಲ್ಲಿದೆ. ಈ ಭಾಗದ ನಿರೂಪಕ ಗಂಡನಾಗಿದ್ದು, ಅವನ ಚಿಂತೆ ಹೆಂಡತಿಯ ಕುರಿತಾಗಿರದೆ ಮೇಲಧಿಕಾರಿಯ ಮುಖಭಾವದ ಕುರಿತಾಗಿದೆ.

ಕರ್ನಾಟಕದ ಓದುಗನಿಗೆ ಈ ದೃಶ್ಯ ಕನ್ನಡಿಯಲ್ಲಿ ತಿರುಗುಮುರುಗಾಗಿ ಕಾಣುವ ಬಿಂಬದಂತೆ ತೋರುತ್ತದೆ. ಇಲ್ಲಿ ಮಾಂಸ ಬಿಡುವುದು ಜಾತಿಶ್ರೇಣಿಯಲ್ಲಿ ಮೇಲೇರುವ ಲಕ್ಷಣ. ಅಲ್ಲಿ ಅದು ಮೇಜಿನಿಂದ ಹೊರಬೀಳುವ ಅಪರಾಧ. ಯೊಂಗ್‌ಹ್ಯೆಯ ನಿರಾಕರಣೆಯನ್ನು ಇಲ್ಲಿನ ಸಸ್ಯಾಹಾರದ ಮಡಿಯೊಡನೆ ಸಮೀಕರಿಸಿ ಓದುವುದು ಕಾದಂಬರಿಗೆ ಮಾಡುವ ಅನ್ಯಾಯವಾದೀತು. ತನ್ನ ಬಾಯಿಗೆ ಏನು ಹೋಗಬೇಕೆಂಬುದನ್ನು ಪಂಕ್ತಿ ನಿರ್ಧರಿಸುವುದನ್ನು ಅವಳು ಒಪ್ಪಳು. ಶಾಲೆಯ ಬುತ್ತಿಯಲ್ಲಿ ಮೊಟ್ಟೆ ತರಲು ಅಂಜುವ ಇಲ್ಲಿನ ಮಗುವಿಗೆ ಅವಳು ಹೆಚ್ಚು ಹತ್ತಿರದವಳು. ಕೊರಿಯಾದಲ್ಲಿ ಸಸ್ಯಾಹಾರದ ಪ್ರಾಚೀನ ಧಾರೆಯೇ ಇಲ್ಲವೆಂದೇನೂ ಅಲ್ಲ. ಬೌದ್ಧ ವಿಹಾರಗಳ ಅಡುಗೆಯಲ್ಲಿ ಮಾಂಸದ ಜೊತೆಗೆ ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಸೊಪ್ಪುಗಳೂ ನಿಷಿದ್ಧ. ಸಿಯೋಲ್‌ನಲ್ಲಿ ಈ ಅಡುಗೆಗೆಂದೇ ಮೀಸಲಾದ ದುಬಾರಿ ಭೋಜನಶಾಲೆಗಳಿವೆ. ಸಾಮಾನ್ಯ ಹೋಟೆಲಿನಲ್ಲಿ ಮಾತ್ರ ಕಿಮ್ಚಿಯಲ್ಲಿಯೇ ಉಪ್ಪೂರಿಸಿದ ಸೀಗಡಿಯೋ ಮೀನೋ ಸೇರಿರುತ್ತದೆ. ಕೊರಿಯನ್ ಕಂಪನಿಗಳ ಸಿಬ್ಬಂದಿಯ ಜೊತೆಗೆ ಚೆನ್ನೈ, ಬೆಂಗಳೂರುಗಳಿಗೆ ಬಂದ ಕೊರಿಯನ್ ಹೋಟೆಲುಗಳು ಇಲ್ಲಿನ ಗಿರಾಕಿಗಳಿಗಾಗಿ ಬೆಲೆಪಟ್ಟಿಯಲ್ಲಿ ಹಸಿರು ಗುರುತಿನ ತಿನಿಸುಗಳಿಗೂ ಜಾಗ ಮಾಡಿಕೊಡಬೇಕಾಯಿತು.

6

ಒಂಟಿ ಮೇಜು ಈಗ ಸಿಯೋಲ್‌ಗೆ ಮರಳಿದೆ. 2020ರ ಜನಗಣತಿಯಂತೆ ದಕ್ಷಿಣ ಕೊರಿಯಾದ ಕುಟುಂಬಗಳಲ್ಲಿ ಶೇ. 31.7ರಷ್ಟು ಒಬ್ಬರೇ ಇರುವ ಮನೆಗಳು. ಆಮೇಲಿನ ವರ್ಷಗಳಲ್ಲಿ ಪ್ರಮಾಣ ಇನ್ನೂ ಏರಿದೆ. ಒಬ್ಬರೇ ಉಣ್ಣುವುದಕ್ಕೆ 2010ರ ದಶಕದಲ್ಲಿ 'ಹೊನ್‌ಬಾಪ್' ಎಂಬ ಪದ ಬಳಕೆಗೆ ಬಂತು: ಒಂಟಿ ಎಂಬರ್ಥದ 'ಹೊಂಜಾ'ದ ಮೊದಲ ಅಕ್ಷರಕ್ಕೆ ಬಾಪ್ ಸೇರಿಸಿ ಟಂಕಿಸಿದ್ದು. ಅಜ್ಜನ ಕಾಲದಲ್ಲಿ ಗೌರವವಾಗಿದ್ದುದು ಮೊಮ್ಮಗಳ ಕಾಲಕ್ಕೆ ಮುಜುಗರವಾಯಿತು, ಈಗೀಗ ಮುಜುಗರವೂ ಕಳೆದು ಒಂದು ಬಗೆಯ ಬಿಡುವಾಗುತ್ತಿದೆ. ನಡುವೆ ಹಲಗೆ ಅಡ್ಡವಿಟ್ಟ ಒಬ್ಬರ ಆಸನಗಳು, ಒಬ್ಬರಿಗೆ ಸಾಲುವ ಪುಟ್ಟ ಒಲೆಗಳು ಬಂದಿವೆ. ಆದರೆ ಮಾಂಸ ಸುಡುವ ಹೋಟೆಲುಗಳಲ್ಲಿ ಬಹುತೇಕ ಕಡೆ ಇಬ್ಬರ ಪಾಲಿಗಿಂತ ಕಡಿಮೆ ಕೊಡುವುದಿಲ್ಲವೆಂಬ ನಿಯಮ ಇನ್ನೂ ಇದೆ.

ಬಾಗಿಲಲ್ಲಿ ಗಿರಾಕಿಯನ್ನು ಎದುರುಗೊಳ್ಳುವ ಮೊದಲ ಪ್ರಶ್ನೆ ಎಷ್ಟು ಮಂದಿ ಎಂಬುದು. ಕನ್ನಡದ 'ಒಬ್ಬ-ಒಬ್ಬರು' ಭೇದದಂತೆ ಕೊರಿಯನ್ನಿನಲ್ಲಿಯೂ ಜನರನ್ನು ಎಣಿಸುವಾಗ ಗೌರವದ ರೂಪ ಬೇರೆ. ಕೇಳುವವರು ಗೌರವದ 'ಬುನ್' ಬಳಸಿ ಎಷ್ಟು ಮಂದಿಯೆಂದು ಕೇಳುತ್ತಾರೆ. ಉತ್ತರಿಸುವವರು ತಮಗೆ ತಾವೇ ಗೌರವ ಕೊಟ್ಟುಕೊಳ್ಳಲಾಗದ್ದರಿಂದ ಸಾದಾ ರೂಪದ 'ಮ್ಯೊಂಗ್' ಬಳಸಿ 'ಹಾನ್ ಮ್ಯೊಂಗ್', ಒಬ್ಬಳು ಅಥವಾ ಒಬ್ಬ, ಎನ್ನುತ್ತಾರೆ. ಅನಂತರ ಒಳಗೆ ಜಾಗವಿದೆಯೇ ಇಲ್ಲವೇ ಎಂಬುದನ್ನು ಹೇಳುವುದು ಒಲೆಯ ಅಳತೆ.